ನಾಲ್ಕು ಲೈಫ್ ಜಾಕೆಟ್‌ಗಳು

ಕಂಡದ್ದು, ಎಣಿಸಿದ್ದು, ಗಡಿಯಾರ ನೋಡಿ ಗುರುತು ಹಾಕಿಕೊಂಡದ್ದು, ಇಷ್ಟನ್ನೇ ಬರೆದಿಡುವ ಅಭ್ಯಾಸ ನನ್ನದು. ಎಂಟನೇ ತರಗತಿಯಿಂದ ಡೈರಿ ಇಟ್ಟಿದ್ದೇನೆ. ಅದರಲ್ಲಿ ಕನಸುಗಳಿಲ್ಲ, ಶಕುನಗಳಿಲ್ಲ. ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಹೆಂಗಸರು ಸತ್ತವರು ಬಂದು ಬಾಗಿಲು ತಟ್ಟಿದ ಕಥೆ ಹೇಳುತ್ತಿದ್ದರೆ, ನಾನು ಮಧ್ಯೆ ಬಾಯಿ ಹಾಕಿ, "ಎಷ್ಟ್ ಗಂಟೆಗೆ? ಯಾರ್ಯಾರು ನೋಡಿದ್ರು?" ಎಂದು ಕೇಳಿ ಕಥೆ ಕೆಡಿಸುತ್ತಿದ್ದೆ. "ಇವ್ಳು ದೆವ್ವಕ್ಕೂ ಅಟೆಂಡೆನ್ಸ್ ಹಾಕ್ತಾಳೆ ಕಣ್ರೇ" ಎಂದು ಅವರು ನಗುತ್ತಿದ್ದರು.

ಈಗ ನಾನೇ ಒಂದು ಕಥೆ ಹೇಳಲು ಕೂತಿದ್ದೇನೆ. ಇಂಥವು ರಾತ್ರಿ ಹೊತ್ತು, ಒಂಟಿ ರಸ್ತೆಯಲ್ಲಿ ನಡೆಯುತ್ತವೆ ಎಂದು ಕೇಳಿದ್ದೆ. ನನ್ನದು ನಡೆದದ್ದು ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆಯೊಳಗೆ, ಜನ ತುಂಬಿದ ಜಾಗಗಳಲ್ಲಿ. ಅದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಡೈರಿಯಲ್ಲಿ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ.

ನಾವು ಗರುಡಾಚಾರ್‌ಪಾಳ್ಯದವರು. ಆಗ ಮನೆಯಲ್ಲಿ ಅಮ್ಮ, ನಾನು ಮತ್ತು ಅಕ್ಕನ ಇಬ್ಬರು ಮಕ್ಕಳು ಇದ್ದೆವು. ಸಿಂಚನಾಗೆ ಏಳು, ಗೌತಮನಿಗೆ ನಾಲ್ಕು. ಭಾವ ದೂರದ ಊರುಗಳಿಗೆ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಬಂದರೆ ಹೆಚ್ಚು. ಅಕ್ಕ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿದ್ದಳು. ಕ್ಯಾನ್ಸರ್, ಎರಡನೇ ಸಲ. ಫೆಬ್ರವರಿ ಕೊನೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಒಂದು ತಿಂಗಳು ಎಂದುಕೊಳ್ಳಿ, ಎಂದರು. ಆ ತಿಂಗಳು ಮುಗಿದ ಮೇಲೆ ಮಕ್ಕಳು ಮುಳಬಾಗಿಲಿಗೆ, ಭಾವನ ತಾಯಿಯ ಮನೆಗೆ ಹೋಗುವುದೆಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ್ದರು. ಅಕ್ಕನಿಗೆ ಎರಡೂ ಗೊತ್ತಿತ್ತು.

ಅವಳು ಒಂದೇ ಒಂದನ್ನು ಕೇಳಿದಳು. "ಬೆಂಗ್ಳೂರಲ್ಲೇ ಹುಟ್ಟವೆ, ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿಲ್ಲ ಕಣೇ ಅವು. ಒಂದ್ ದಿನ ಕರ್ಕೊಂಡ್ ಹೋಗು. ಮೆಟ್ರೋ ಹತ್ಸು, ಹಲಸೂರು ಕೆರೇಲಿ ದೋಣಿ ಹತ್ಸು. ಸಂಜೆ ಇಲ್ಲಿಗ್ ಕರ್ಕೊಂಡ್ ಬಾ. ಏನೇನ್ ನೋಡಿದ್ರು ಅಂತ ಅವ್ರ ಬಾಯಲ್ಲೇ ಕೇಳ್ಬೇಕು ನಾನು."

ಆ ಆಸ್ಪತ್ರೆಯಲ್ಲಿ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ನಾನು ಅಂದೇ ಡೈರಿಯ ಹಿಂದಿನ ಪುಟದಲ್ಲಿ ಭಾನುವಾರಗಳನ್ನು ಎಣಿಸಿದೆ. ನಾಲ್ಕು ಇದ್ದವು. ಮೊದಲನೆಯದಕ್ಕೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಒಪ್ಪಿಕೊಂಡಿದ್ದೆ. ಎರಡನೆಯದು ಟ್ರಯಲ್, ಮೂರನೆಯದು ಪ್ರವಾಸ. ನಾಲ್ಕನೆಯದು, ಏನಾದರೂ ತಪ್ಪಿದರೆ ಇರಲಿ ಎಂದು ಕೈಯಲ್ಲಿ ಉಳಿಸಿಕೊಂಡದ್ದು.

ಟ್ರಯಲ್ ಯಾಕೆ ಎಂದು ನೀವು ಕೇಳಬಹುದು. ವಾಹನಗಳ ಬಿಡಿಭಾಗ ಮಾಡುವ ಒಂದು ಸಣ್ಣ ಯೂನಿಟ್‌ನಲ್ಲಿ ನಾನು ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ಮೆಷಿನ್ ಸೆಟ್ ಮಾಡಿದ ಮೇಲೆ ಮೊದಲ ಪೀಸ್ ತೆಗೆದು, ಅಳೆದು, ಸಹಿ ಹಾಕಿದ ಮೇಲೆಯೇ ಉಳಿದದ್ದನ್ನು ಓಡಿಸಬೇಕು. ಮೊದಲ ಪೀಸ್ ನೋಡದೆ ಓಡಿಸಿ ಇಡೀ ಲಾಟ್ ಗುಜರಿಗೆ ಹೋದದ್ದನ್ನು ಕಂಡಿದ್ದೇನೆ. ಮಕ್ಕಳ ವಿಷಯದಲ್ಲಿ ಅಂಥದ್ದು ಆಗಬಾರದು ಎನ್ನಿಸಿತು. ಸ್ಟೇಷನ್ನಿನಲ್ಲಿ ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲೆಲ್ಲಿದೆ, ನಾಲ್ಕು ವರ್ಷದ ಮಗುವಿನ ನಡಿಗೆಯಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ನಿಮಿಷ, ಇದೆಲ್ಲ ಗೊತ್ತಿದ್ದರೆ ಆ ದಿನ ಎಲ್ಲೂ ಎಡವುವುದಿಲ್ಲ. ಅಕ್ಕನಿಗೆ ಹೇಳಿದಾಗ ಅವಳು ದಿಂಬಿಗೆ ಒರಗಿಕೊಂಡೇ ನಕ್ಕಳು. "ಮಕ್ಕಳನ್ನ ಊರ್ ತೋರ್ಸೋಕ್ ಕರ್ಕೊಂಡ್ ಹೋಗ್ತೀಯೋ, ಊರಿಗೆ ಮಿಷಿನ್ ಕೂರ್ಸೋಕ್ ಹೋಗ್ತೀಯೋ? ಹೋಗು ಹೋಗು. ನೀನ್ ಅಳೀದಿದ್ರೆ ಬೆಂಗ್ಳೂರು ಓಡೋದಿಲ್ಲ."

ಆ ಭಾನುವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಗರುಡಾಚಾರ್‌ಪಾಳ್ಯ ಸ್ಟೇಷನ್ನಿಗೆ ಒಬ್ಬಳೇ ಹೋದೆ. ನಾನು ಮನೆಯಿಂದ ಹೊರಡುವಾಗ ಮಕ್ಕಳು ದೋಸೆ ತಿನ್ನುತ್ತಿದ್ದವು. ಗೌತಮ್ ಗೇಟಿನವರೆಗೆ ಓಡಿ ಬಂದು, "ಚಿಕ್ಕಿ, ನಾನೂ," ಎಂದ. "ಮುಂದಿನ ವಾರ," ಎಂದೆ. ಅವನು ಹಟ ಮಾಡಲಿಲ್ಲ. ಸುಮ್ಮನೆ ಒಳಗೆ ಹೋದ.

ಟ್ರೇನಿನಲ್ಲಿ ಅಂಥ ಗದ್ದಲ ಇರಲಿಲ್ಲ, ಆದರೂ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತು, ಮಗುವಿಗೆ ಕಿಟಕಿಯಿಂದ ಏನು ಕಾಣಬಹುದೆಂದು ಸ್ವಲ್ಪ ಬಗ್ಗಿ ನೋಡಿ, ಬರೆದುಕೊಳ್ಳುತ್ತಿದ್ದೆ. ಕೆ.ಆರ್.ಪುರದ ರೈಲು ಹಳಿಗಳು, ತೂಗುಸೇತುವೆ, ಕೆಳಗೆ ಟಿನ್ ಫ್ಯಾಕ್ಟರಿಯ ಬಸ್ಸುಗಳು. ಬೆನ್ನಿಗಾನಹಳ್ಳಿ ದಾಟಿದ ಮೇಲೆ, ಎದುರು ಕೂತಿದ್ದ ಒಬ್ಬ ಅಜ್ಜಿ ಸೆರಗು ಒತ್ತರಿಸಿಕೊಂಡು ಪಕ್ಕಕ್ಕೆ ಸರಿದರು. ಒಂದು ಗೇಣು ಜಾಗ ಆಯಿತು. ನನ್ನ ಮೊಣಕಾಲಿನ ಪಕ್ಕ ನೋಡುತ್ತಾ, "ಚಿಕ್ಕೋನ್ನ ಇಲ್ ಕೂರ್ಸಮ್ಮ. ಆಗ್ಲಿಂದ ನಿಂತ್ಕಂಡೇ ಬರ್ತಾವನೆ," ಎಂದರು. ನನ್ನ ಹಿಂದೆ ಬೇರೆ ಒಂದು ಕುಟುಂಬ ನಿಂತಿತ್ತು, ಅವರ ಜೊತೆ ಒಂದು ಮಗುವೂ ಇತ್ತು. ಅವರಿಗೆ ಹೇಳಿದ್ದಿರಬೇಕೆಂದು ದಾರಿ ಬಿಟ್ಟು ಸರಿದೆ. ಅವರು ಯಾರೂ ಬರಲಿಲ್ಲ. ಆದರೂ ಅಜ್ಜಿ ಆ ಜಾಗವನ್ನು ಮತ್ತೆ ತುಂಬಲಿಲ್ಲ. ನಾನು ಹಲಸೂರಿನಲ್ಲಿ ಇಳಿಯುವವರೆಗೂ ಅದು ಖಾಲಿ ಇತ್ತು.

ಹಲಸೂರಿನಿಂದ ಕೆರೆಯವರೆಗೆ ಮಗುವಿನ ನಡಿಗೆಯಲ್ಲಿ ತುಂಬಾ ಹೊತ್ತಾಗುತ್ತದೆ ಎಂದು ಆಟೋ ಹಿಡಿದೆ. ದೋಣಿ ಕಟ್ಟೆಯಲ್ಲಿ ಒಬ್ಬನೇ ಅಂಬಿಗ, ಐವತ್ತರ ಆಸುಪಾಸಿನವನು. ಹಲಸೂರಿನ ಹಳೆಯ ಮಂದಿಯ ತಮಿಳು ಬೆರೆತ ಕನ್ನಡ. ನಾನು ಒಂದು ಸುತ್ತಿಗೆ ಎಷ್ಟು ಹೊತ್ತು ಎಂದು ಕೇಳುವಷ್ಟರಲ್ಲಿ ಅವನು ಒಳಗಿನಿಂದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದು ಹಲಗೆಯ ಮೇಲೆ ಸಾಲಾಗಿ ಇಟ್ಟ. ನಾಲ್ಕು. ಎರಡು ದೊಡ್ಡವು, ಎರಡು ಸಣ್ಣವು.

"ನಾನೊಬ್ಳೇ," ಎಂದೆ.

ಅವನು ನನ್ನ ಹಿಂದೆ, ಮರದ ಕೆಳಗಿನ ಕಲ್ಲು ಬೆಂಚಿನ ಕಡೆ ನೋಡಿದ. "ಅವ್ರು ಬರಲ್ವಾಮ್ಮಾ?"

ತಿರುಗಿ ನೋಡಿದೆ. ಬೆಂಚು ಖಾಲಿ ಇತ್ತು. ಅವನೂ ಮತ್ತೊಮ್ಮೆ ನೋಡಿ, ಹಣೆ ಉಜ್ಜಿಕೊಂಡು, ಮೂರು ಜಾಕೆಟ್‌ಗಳನ್ನು ಒಳಗೆ ಕೊಂಡುಹೋದ. ಕಟ್ಟೆಯ ಮೇಲೆ ಜನ ಬಂದು ಹೋಗುತ್ತಿದ್ದರು, ಬೇರೆ ಯಾರನ್ನೋ ನನ್ನ ಜೊತೆಯವರೆಂದು ತಿಳಿದಿರಬೇಕು. ಕೆರೆಯ ಒಂದು ಸುತ್ತಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ನಾನು ದೋಣಿಯಲ್ಲಿಯೂ ಬರೆಯುತ್ತಲೇ ಇದ್ದೆ: ಅಂಚು ಎಷ್ಟು ಎತ್ತರ, ಮಗು ಬಗ್ಗಿದರೆ ಕೈ ನೀರಿಗೆ ಸಿಗುತ್ತದೆಯೇ, ಬಿಸಿಲು ಯಾವ ಕಡೆ. ದಡಕ್ಕೆ ತಂದು ಹುಟ್ಟು ಎತ್ತಿಡುತ್ತಾ ಅವನು, "ಯಾಕೋ ಇವತ್ತು ದೋಣಿ ಭಾರ," ಎಂದು ತನಗೇ ಹೇಳಿಕೊಂಡ. ಎದುರು ಗಾಳಿ ಇತ್ತು. ಅದನ್ನೂ ಬರೆದುಕೊಂಡೆ.

ಅಲ್ಲಿಂದ ಶಿವಾಜಿನಗರದ ಮಾರ್ಕೆಟ್. ಮಕ್ಕಳಿಗೆ ಹಣ್ಣಿನ ರಾಶಿಗಳನ್ನು, ಹಳೇ ಕಟ್ಟಡವನ್ನು ತೋರಿಸುವ ಯೋಚನೆಯಿತ್ತು. ಒಳಗೆ ಮೀನಿನ ವಾಸನೆ ಮೂಗಿಗೆ ಬಡಿಯಿತು. ಗೌತಮ್‌ಗೆ ಒಗ್ಗುವುದಿಲ್ಲ ಎಂದು ಪಟ್ಟಿಯಿಂದ ಹೊಡೆದುಹಾಕಿದೆ. ಮಾರ್ಕೆಟ್ಟಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಯಾರೂ ನನ್ನ ಪಕ್ಕ ನೋಡಲಿಲ್ಲ, ಯಾರೂ ಮಕ್ಕಳ ಮಾತೆತ್ತಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಎರಡು ನಲವತ್ತಕ್ಕೆ ಸರ್ವಜ್ಞನಗರದ ಒಂದು ಬೇಕರಿಯಲ್ಲಿದ್ದೆ. ಪಿಯುಸಿ ಓದುವಾಗ ಅಕ್ಕ ಇಲ್ಲಿಗೆ ಬಂದು ಬೆಣ್ಣೆ ಬನ್ ತಿನ್ನುತ್ತಿದ್ದಳಂತೆ, ಮಕ್ಕಳಿಗೂ ಕೊಡಿಸು ಎಂದು ಹೇಳಿ ಕಳಿಸಿದ್ದಳು. ಒಂದು ಬನ್ ಕೇಳಿದೆ. ಕನ್ನಡಕದ ಮುದುಕರು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ಅದನ್ನು ಬ್ಯಾಗಿಗೆ ಹಾಕಿ ಸಮಯ ಬರೆಯುತ್ತಿದ್ದಾಗ ಅವರು ಇನ್ನೊಂದನ್ನು ಮುಂದೆ ಹಿಡಿದರು.

"ನಾನು ಒಂದೇ ಕೇಳಿದ್ದು ಅಂಕಲ್."

"ಇರ್ಲಿ ತಗೋಮ್ಮಾ. ಪಾಪ, ಮಗು ಕೈಯಿಂದ ಬಿದ್ದೋಯ್ತಲ್ಲ. ಇದಕ್ಕೇನು ಕೊಡ್ಬೇಡ."

ಬಾಗಿಲ ಮೆಟ್ಟಿಲ ಮೇಲೆ ಅರ್ಧ ತಿಂದ ಬನ್ ಬಿದ್ದಿತ್ತು, ಬೀದಿನಾಯಿಯೊಂದು ಅದನ್ನು ಕಚ್ಚಿಕೊಂಡು ಹೋಗುತ್ತಿತ್ತು. ನನ್ನ ಬನ್ ಬ್ಯಾಗಿನಲ್ಲೇ ಇತ್ತು, ಮುಟ್ಟಿ ನೋಡಿಕೊಂಡೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ವಾದ ಮಾಡಲು ಹೊತ್ತಿರಲಿಲ್ಲ, ನಾಲ್ಕಕ್ಕೆ ಆಸ್ಪತ್ರೆಯಲ್ಲಿರಬೇಕಿತ್ತು. ಎರಡನೇ ಬನ್ನೂ ತೆಗೆದುಕೊಂಡು, "ತಪ್ಪು ಗ್ರಹಿಕೆ" ಎಂದು ಬರೆದು ಮೂರನೇ ಗೀಟು ಎಳೆದೆ. ಹೌದು, ಅಷ್ಟರಲ್ಲಿ ಗೀಟು ಹಾಕತೊಡಗಿದ್ದೆ. ಫ್ಯಾಕ್ಟರಿಯಲ್ಲಿ ಒಂದೇ ದೋಷ ಮೂರು ಸಲ ಬಂದರೆ ಮೆಷಿನ್ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ.

ಅಕ್ಕ ಆ ಸಂಜೆ ಎದ್ದು ಕೂತಿದ್ದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ಗೆಲುವಿತ್ತು. ನಾನು ಕುರ್ಚಿ ಎಳೆದುಕೊಂಡು ಡೈರಿ ತೆಗೆದು ಓದತೊಡಗಿದೆ: ಸ್ಟೇಷನ್ನಿಗೆ ಹನ್ನೊಂದು ನಿಮಿಷ, ದೋಣಿ ಇಪ್ಪತ್ತೆರಡು, ಮಾರ್ಕೆಟ್ ಬೇಡ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ದೋಣಿಯ ಮಾತು ಬಂದಾಗ, "ಗೌತು ದೋಣೀಲಿ ಅಳ್ತಾನೆ ಅಂದ್ಕೊಂಡಿದ್ದೆ. ಅಳ್ಲೇ ಇಲ್ಲ ನೋಡು," ಎಂದಳು.

"ಅಕ್ಕಾ, ನಾನೊಬ್ಳೇ ಹೋಗಿದ್ದು. ಮಕ್ಕಳು ಮನೇಲವೆ. ಅವ್ರು ಮುಂದಿನ ವಾರ."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಹೌದಲ್ವಾ," ಎಂದಳು. ಮತ್ತೆ ಒರಗಿಕೊಂಡಳು. ನಾನು ಉಳಿದದ್ದನ್ನು ಓದಿದೆ, ಅವಳು ಕೇಳಿಸಿಕೊಂಡಳೋ ಇಲ್ಲವೋ. ಔಷಧಿಯ ಮಂಪರು ಎಂದುಕೊಂಡೆ. ಆ ಬನ್‌ನ ವಿಷಯ, ಅಜ್ಜಿಯ ವಿಷಯ, ಜಾಕೆಟ್ಟಿನ ವಿಷಯ ಅವಳಿಗೆ ಹೇಳಲಿಲ್ಲ. ಪ್ರವಾಸಕ್ಕೆ ಸಂಬಂಧಪಟ್ಟ ವಿವರ ಅಲ್ಲ ಎನ್ನಿಸಿತ್ತು. ಎರಡೂ ಬನ್ ಅವಳ ಪಕ್ಕದ ಮೇಜಿನ ಮೇಲಿಟ್ಟು ಬಂದೆ.

ಮನೆಗೆ ಬಂದಾಗ ಅಮ್ಮ ಗೊಣಗುತ್ತಿದ್ದರು. "ಏನೇ ಇವು, ತಿಂಡಿ ತಿಂದು ಮಲ್ಗಿದ್ದು ಮೂರ್ ಗಂಟೆಗೇ ಎದ್ದಿದ್ದು. ಊಟಕ್ ಎಬ್ಬಿಸಿದ್ರೆ ಹಸಿವಿಲ್ಲ ಅಂತವೆ." ನಾನು ಇಬ್ಬರಿಗೂ ಥರ್ಮಾಮೀಟರ್ ಇಟ್ಟು ನೋಡಿದೆ. ಜ್ವರ ಇರಲಿಲ್ಲ. ಅದೂ ಡೈರಿಯಲ್ಲಿದೆ.

ಆ ಶುಕ್ರವಾರ ಬೆಳಿಗ್ಗೆ ಅಕ್ಕ ತೀರಿಕೊಂಡಳು.

ಮೂರನೇ ಭಾನುವಾರ ಮನೆ ತುಂಬಾ ನೆಂಟರಿದ್ದರು. ನಾಲ್ಕನೇ ಭಾನುವಾರ, ನಾನು ಕೈಯಲ್ಲಿ ಉಳಿಸಿಕೊಂಡಿದ್ದ ಆ ಭಾನುವಾರ, ಭಾವನ ತಾಯಿ ಬಂದು ಮಕ್ಕಳ ಬಟ್ಟೆಗಳನ್ನು ಎರಡು ಬ್ಯಾಗಿಗೆ ತುಂಬಿದರು. ನಾನು ಡೈರಿಯಲ್ಲಿ ನಾಲ್ಕೂ ದಿನಗಳ ಎದುರು ಅಡ್ಡಗೆರೆ ಎಳೆದೆ. ಒಂದು ವಿಷಯ ಮಾತ್ರ ಎಷ್ಟು ಸಲ ಲೆಕ್ಕ ಹಾಕಿದರೂ ಬದಲಾಗಲಿಲ್ಲ. ಮಕ್ಕಳಿಗೆ ಸಿಕ್ಕಬಹುದಾಗಿದ್ದ ಭಾನುವಾರ ಅದೊಂದೇ. ಅದನ್ನು ನಾನು ಅಳತೆಗೆ ಖರ್ಚು ಮಾಡಿದೆ. ಅಕ್ಕನಿಗೆ ಮಕ್ಕಳ ಬಾಯಲ್ಲಿ ಕೇಳಬೇಕಿದ್ದ ಮಾತುಗಳ ಬದಲು ನಿಮಿಷಗಳನ್ನು ಓದಿ ಹೇಳಿದೆ.

ಇಲ್ಲಿಗೆ ಮುಗಿದಿದ್ದರೆ ಇದು ನನ್ನೊಬ್ಬಳ ತಪ್ಪಿನ ಕಥೆಯಾಗುತ್ತಿತ್ತು, ಬರೆಯುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮುಳಬಾಗಿಲಿಗೆ ಹೋದೆ. ಭಾವ ಮತ್ತೆ ಮದುವೆಯಾಗಿದ್ದರು. ಮಕ್ಕಳ ಅಜ್ಜಿಗೆ, ಎಂದರೆ ಭಾವನ ತಾಯಿಗೆ, ನಾನು ಬರುವುದು ಅಷ್ಟು ಇಷ್ಟವಿಲ್ಲ, ಮಕ್ಕಳು ಆಮೇಲೆ ಎರಡು ದಿನ ಮಂಕಾಗುತ್ತವೆ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಮಕ್ಕಳನ್ನು ಎರಡು ದಿನದ ಮಟ್ಟಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. "ಬೇಡಮ್ಮ. ಈಗ್ತಾನೆ ಮರ್ತವೆ, ಮತ್ಯಾಕೆ," ಎಂದರು.

ಹೊರಗೆ ಜಗುಲಿಯಲ್ಲಿ ಸಿಂಚನಾ ನನ್ನ ಪಕ್ಕ ಕೂತಳು. ಕೂದಲು ಬೆಳೆದಿತ್ತು, ಮುಂದಿನ ಹಲ್ಲುಗಳು ಬಂದಿದ್ದವು. ಅಜ್ಜಿಯ ಮಾತು ಅವಳಿಗೆ ಕೇಳಿಸಿತ್ತು.

"ಪರ್ವಾಗಿಲ್ಲ ಬಿಡು ಚಿಕ್ಕಿ. ಒಂದ್ ಸಲ ನೋಡಿದ್ದೀವಲ್ಲ."

"ಏನು ನೋಡಿದ್ದೀರ?"

"ಅವತ್ತು ಹೋದ್ವಲ್ಲ. ಮೆಟ್ರೋಲಿ ಒಂದಜ್ಜಿ ಗೌತುಗೆ ಸೀಟ್ ಕೊಟ್ರು. ದೋಣೀಲಿ ಅಮ್ಮಂಗೆ ಆ ಜಾಕೆಟ್ ಲೂಸ್ ಆಗಿತ್ತು, ಎಷ್ಟ್ ನಕ್ಕಿದ್ವಿ."

ಅಭ್ಯಾಸ ಬಿಡಲಿಲ್ಲ, ವಿಚಾರಿಸತೊಡಗಿದೆ. ಬೇಕರಿ? "ಗೌತು ಬನ್ ಬೀಳಿಸ್ಬಿಟ್ಟ. ನಾಯಿ ಎತ್ಕೊಂಡ್ ಹೋಯ್ತು. ಕನ್ನಡಕದ ತಾತ ಇನ್ನೊಂದ್ ಕೊಟ್ರು." ಮಾರ್ಕೆಟ್? ಅಲ್ಲಿ ಏನಾಯಿತೆಂದು ಬೇಕೆಂದೇ ಕೇಳಿದೆ. ಅವಳು ಮೂಗು ಮುರಿದಳು. "ಅಲ್ಲಿ ಮೀನ್ ವಾಸ್ನೆ. ಅಮ್ಮಂಗ್ ಆಗಲ್ಲ ಅಂತ ನಾವ್ ಮೂರ್ ಜನ ಆಚೇನೇ ನಿಂತ್ಕೊಂಡ್ವಿ. ನೀನೊಬ್ಳೇ ಒಳಗ್ ಹೋದೆ."

ನಿಮಗೆ ಬರುವ ಅನುಮಾನಗಳೆಲ್ಲ ನನಗೂ ಬಂದಿವೆ, ಒಂದೊಂದನ್ನೂ ಬರೆದು ಪರೀಕ್ಷಿಸಿದ್ದೇನೆ. ಡೈರಿಯನ್ನು ಮಗು ಓದಿರಬಹುದೇ? ಅದು ನನ್ನ ಫ್ಯಾಕ್ಟರಿ ಬ್ಯಾಗಿನಿಂದ ಹೊರಗೆ ಬರುವುದಿಲ್ಲ, ನನ್ನ ಅಕ್ಷರ ಅಮ್ಮನಿಗೇ ತಿಳಿಯುವುದಿಲ್ಲ. ನಾನೇ ಯಾರಿಗಾದರೂ ಹೇಳಿ ಮರೆತಿರಬಹುದೇ? ಯಾರಿಗೂ ಹೇಳಿದ ನೆನಪಿಲ್ಲ, ಆದರೆ ನೆನಪಿಲ್ಲ ಎಂಬುದು ಪುರಾವೆಯಲ್ಲ, ಒಪ್ಪುತ್ತೇನೆ. ಅಕ್ಕನಿಂದ ಕೇಳಿರಬಹುದೇ? ಆ ಭಾನುವಾರದಿಂದ ಶುಕ್ರವಾರದವರೆಗೆ ಮಕ್ಕಳು ಆಸ್ಪತ್ರೆಗೆ ಹೋಗಲಿಲ್ಲ, ಅಕ್ಕನಿಗೂ ಬನ್‌ನ ವಿಷಯ ಗೊತ್ತಿರಲಿಲ್ಲ. ಕೆರೆಗೆ ಮತ್ತೆ ಮೂರು ಸಲ ಹೋದೆ. ಮೊದಲೆರಡು ಸಲ ಬೇರೆಯವರಿದ್ದರು. ಮೂರನೇ ಸಲ ಅದೇ ಅಂಬಿಗ ಸಿಕ್ಕ. ಕೇಳಿದೆ. "ದಿನಾ ಎಷ್ಟೋ ಜನ ಬರ್ತಾರಮ್ಮಾ, ಯಾರಂತ ನೆನಪಿಟ್ಕೊಳ್ಳೋದು," ಎಂದ. ನ್ಯಾಯವಾದ ಉತ್ತರ. ಸರ್ವಜ್ಞನಗರದಲ್ಲಿ ಆ ಬೇಕರಿಯ ಜಾಗದಲ್ಲಿ ಈಗ ಫ್ಲಾಟ್ ಏಳುತ್ತಿದೆ. ಗೌತಮ್‌ನನ್ನೂ ಕೇಳಿದ್ದೆ. ಅವನು ನಾಯಿಯ ಬಣ್ಣ ಹೇಳಿದ, ಕಂದು. ಕಂದು ಹೌದು. ಆದರೆ ಬೀದಿನಾಯಿಗಳಲ್ಲಿ ಕಂದು ಬಣ್ಣದವೇ ಹೆಚ್ಚು.

ಇದರಿಂದ ನನಗೆ ಸಮಾಧಾನ ಸಿಕ್ಕಿರಬೇಕೆಂದು ನೀವು ತಿಳಿಯಬಹುದು. ಇಲ್ಲ. ಅಂದು ಜಗುಲಿಯಿಂದ ಏಳುವಾಗ ಸಿಂಚನಾ ಆಡಿದ ಕೊನೆಯ ಮಾತನ್ನು ಇನ್ನೂ ಹೇಳಿಲ್ಲ.

"ನೀನ್ ಮಾತ್ರ ಬರೀತಾನೇ ಇದ್ದೆ ಚಿಕ್ಕಿ. ಎಷ್ಟ್ ಕರೆದ್ರೂ ನಮ್ ಕಡೆ ನೋಡ್ಲೇ ಇಲ್ಲ. ನಾನ್ ಅತ್ಬಿಟ್ಟೆ. ಅಮ್ಮ ಹೇಳಿದ್ಲು, ಇರ್ಲಿ ಬಿಡು, ಅವ್ಳು ಟೈಮ್ ಬರ್ಕೋತಾವ್ಳೆ, ಮುಂದಿನ ವಾರ ನಮ್ ಜೊತೆ ಬರ್ತಾಳೆ ಅಂತ."

ಆ ದಿನದ ಪುಟ ಈಗ ನನ್ನ ಮುಂದಿದೆ. ಹೊರಟ ಸಮಯ, ತಲುಪಿದ ಸಮಯ, ಮೆಟ್ಟಿಲು, ಶೌಚಾಲಯ, ಬಿಸಿಲು, ಗಾಳಿ, ಎಲ್ಲ ಸರಿಯಾಗಿವೆ. ಮೇಲಿನ ಸಾಲಿನಲ್ಲಿ "ಜನ" ಎಂಬುದರ ಎದುರು "ಒಂದು" ಎಂದಿದೆ. ಎಷ್ಟೋ ಸಲ ಪೆನ್ನು ಹಿಡಿದು ಅದನ್ನು ತಿದ್ದಲು ಹೋಗಿದ್ದೇನೆ. ನಾಲ್ಕು ಎಂದು ಬರೆಯಲು ನಾನು ಅವರನ್ನು ಕಂಡಿಲ್ಲ. ಒಂದು ಎಂದು ಬಿಡಲು ಮೂರು ಜನ ಹೊರಗಿನವರು, ನನ್ನ ಅಕ್ಕ, ಇಬ್ಬರು ಮಕ್ಕಳು ಒಪ್ಪುವುದಿಲ್ಲ. ಆ ದಿನ ಎಲ್ಲರೂ ಯಾರನ್ನೋ ಕಂಡರು. ಇಪ್ಪತ್ತೆರಡು ನಿಮಿಷ ದೋಣಿಯಲ್ಲಿ ಕೂತಿದ್ದು ತಲೆಯೆತ್ತದೆ ಬಂದವಳು ನಾನೊಬ್ಬಳೇ.